ನಾಣ್ಯ ಪ್ರಶ್ನೋತ್ತರ: 1799ರ ಅಮೆರಿಕನ್ ಡಾಲರ್ ಅಸಲಿಯೇ?

ಪ್ರಶ್ನೆ: ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮ ತಾತನ ಪೆಟ್ಟಿಗೆಯಲ್ಲಿ 1799 ಇಸವಿಯ ಅಮೆರಿಕದ ಬೆಳ್ಳಿ ನಾಣ್ಯ ಸಿಕ್ಕಿದೆ. ಒಂದು ಕಡೆ ಕೂದಲಿಗೆ ರಿಬ್ಬನ್ ಕಟ್ಟಿದ ಹೆಂಗಸು, ಇನ್ನೊಂದು ಕಡೆ ಎದೆಯ ಮೇಲೆ ಗುರಾಣಿ ಇರುವ ಹದ್ದು. ಎರಡೂ ಕಡೆ ಬೆಲೆ ನಮೂದಿಸಿಲ್ಲ. ತೂಕ 26.70 ಗ್ರಾಂ, ಅಗಲ 39.5 ಮಿ.ಮೀ. ಮುಖದ ಮೇಲೆ ಒಂದೇ ದಿಕ್ಕಿಗೆ ಗೀರುಗಳಿವೆ. ತಲೆಯ ನೇರಕ್ಕೆ ಅಂಚಿನಲ್ಲಿ ಸಣ್ಣ ಉಬ್ಬು ಇದೆ. ಫೋಟೋ ಕಳಿಸಿದ್ದೇನೆ. ಅಸಲಿಯೇ? ಯಾವ ದರ್ಜೆ? ಅಮೆರಿಕಕ್ಕೆ ಕಳಿಸಿ ಸರ್ಟಿಫಿಕೇಟ್ ಮಾಡಿಸಬಹುದೇ?
— ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.

ಉತ್ತರ: ಬೆಲೆ ಇಲ್ಲದ್ದಕ್ಕೆ ಗಾಬರಿ ಬೇಡ. ಆ ಕಾಲದ ಡಾಲರ್‌ಗೆ ಬೆಲೆ ಇರುವುದು ಅಂಚಿನ ಮೇಲೆ. ನಾಣ್ಯವನ್ನು ನಿಲ್ಲಿಸಿ ಹಿಡಿದು, ಹತ್ತು ಪಟ್ಟು ತೋರಿಸುವ ಭೂತಗನ್ನಡಿಯಲ್ಲಿ ಅಂಚನ್ನು ಪೂರ್ತಿ ಒಂದು ಸುತ್ತು ನೋಡಿ. 'ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್' ಎಂಬ ಇಂಗ್ಲಿಷ್ ಅಕ್ಷರಗಳು ಒಳಕ್ಕೆ ಒತ್ತಿರಬೇಕು, ಪದಗಳ ನಡುವೆ ಸಣ್ಣ ಅಲಂಕಾರಗಳಿರಬೇಕು. ನಾಣ್ಯ ಅಚ್ಚಾಗುವ ಮೊದಲೇ ಬಿಲ್ಲೆಯನ್ನು ಎರಡು ಪಟ್ಟಿಗಳ ನಡುವೆ ಉರುಳಿಸಿ ಈ ಅಕ್ಷರ ಮೂಡಿಸುತ್ತಿದ್ದರು. ಹಾಗಾಗಿ ಒಂದೆರಡು ಅಕ್ಷರ ಒಂದರ ಮೇಲೊಂದು ಬಿದ್ದಿದ್ದರೆ ಅದು ದೋಷವಲ್ಲ. ನಮ್ಮ ಹಳೇ ರಾಣಿ ರೂಪಾಯಿಯ ಹಾಗೆ ಹಲ್ಲುಹಲ್ಲಾದ ಅಂಚಿದ್ದರೆ, ಅಥವಾ ಅಂಚಿನ ಮಧ್ಯದಲ್ಲಿ ಸುತ್ತಲೂ ಜೋಡಣೆಯ ಗೆರೆ ಕಂಡರೆ ಮುಂದಿನ ಪರೀಕ್ಷೆಯೇ ಬೇಡ, ಅದು ನಕಲಿ.

ಅಂಚು ಸರಿಯಿದ್ದರೆ ತೂಕಕ್ಕೆ ಬನ್ನಿ. ಟಂಕಸಾಲೆಯಿಂದ ಹೊರಟಾಗ ಇದರ ತೂಕ 26.96 ಗ್ರಾಂ. ನಿಮ್ಮದರಲ್ಲಿ ಕಾಲು ಗ್ರಾಂ ಕಡಿಮೆ. ಫೋಟೋದಲ್ಲಿ ಕಾಣುವ ಸವೆತಕ್ಕೆ ಅದು ಹೊಂದುತ್ತದೆ. ಆದರೆ ತೂಕವೊಂದೇ ಸಾಲದು, ಸಾಂದ್ರತೆಯೂ ಹೊಂದಬೇಕು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೈಲಾನ್ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಗಲದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ಸುಮಾರು 2.6 ಗ್ರಾಂ ತೋರಿಸಬೇಕು. 26.70ನ್ನು ಅದರಿಂದ ಭಾಗಿಸಿದರೆ 10.3ರ ಆಸುಪಾಸು ಬರುತ್ತದೆ; 89.24% ಬೆಳ್ಳಿ, ಉಳಿದದ್ದು ತಾಮ್ರ ಇರುವ ಲೋಹದ ಸಾಂದ್ರತೆ ಇಷ್ಟೇ. ತಕ್ಕಡಿ 3 ಗ್ರಾಂ ತೋರಿಸಿದರೆ ಒಳಗಿರುವುದು ತಾಮ್ರದ್ದೋ ನಿಕಲ್‌ದೋ ಮಿಶ್ರಣ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಸಲಿಯೂ ನಕಲಿಯಂತೆ ಲೆಕ್ಕ ಕೊಡುತ್ತದೆ. ಮುಳುಗಿಸಿದ ಮೇಲೆ ಒಮ್ಮೆ ಮೆಲ್ಲಗೆ ಅಲ್ಲಾಡಿಸಿ, ಗುಳ್ಳೆ ಬಿಟ್ಟ ಮೇಲೆ ಓದಿಕೊಳ್ಳಿ.

ಅಕ್ಕಸಾಲಿಗರ ಹತ್ತಿರ ಒಯ್ದು ಒರೆಗಲ್ಲಿಗೆ ಉಜ್ಜಿಸಬೇಡಿ, ಆಸಿಡ್ ಹನಿಯೂ ಬೇಡ. ಒಂದು ಗೀರಿಗೆ ಒಂದು ದರ್ಜೆಯ ಬೆಲೆ ಹೋಗುತ್ತದೆ. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್-ರೇ ಯಂತ್ರ ನಾಣ್ಯಕ್ಕೆ ನೋವು ಮಾಡುವುದಿಲ್ಲ, ಆದರೆ ಮೇಲ್ಪದರವನ್ನಷ್ಟೇ ಓದುತ್ತದೆ. ದಪ್ಪ ಬೆಳ್ಳಿ ಲೇಪವಿದ್ದರೆ ಅದಕ್ಕೆ ಮೋಸ ಹೋಗುತ್ತದೆ. ಅಲ್ಲಿ 99.9% ಬೆಳ್ಳಿ ಎಂದು ಬಂದರೆ ಹಿಗ್ಗಬೇಡಿ, ಅನುಮಾನ ಪಡಿ.

ಇನ್ನು ಗೀರುಗಳು. ಬಿಲ್ಲೆಯ ತೂಕ ಹೆಚ್ಚಾದರೆ ಅಚ್ಚು ಹಾಕುವ ಮೊದಲು ಅರದಿಂದ ತೇಯ್ದು ಸರಿ ಮಾಡುತ್ತಿದ್ದರು. ಆ ಗೀರುಗಳು ಅಕ್ಷರಗಳ ಪಕ್ಕಕ್ಕೆ ಬಂದಾಗ ಅಡಿಗೆ ಸರಿದು ಮಾಯವಾಗುತ್ತವೆ. ಬಿಲ್ಲೆಯ ಲೋಹ ಅಚ್ಚಿನ ಆಳಕ್ಕೆ ಪೂರ್ತಿ ಇಳಿಯದ ಕಡೆ, ಅಂದರೆ ಕೂದಲಿನ ಎತ್ತರದ ಜಾಗದಲ್ಲಿ, ಗಟ್ಟಿಯಾಗಿ ಉಳಿಯುತ್ತವೆ. ಆಮೇಲೆ ಬಿದ್ದ ಗೀರು ಹಾಗಲ್ಲ. ಅದು ಅಕ್ಷರವನ್ನೂ ಸೀಳಿಕೊಂಡು ಹೋಗುತ್ತದೆ, ಎರಡೂ ದಡದಲ್ಲಿ ಲೋಹ ಎದ್ದಿರುತ್ತದೆ. ಫೋಟೋ ನೋಡಿದರೆ ನಿಮ್ಮವು ಮೊದಲ ಜಾತಿಯವು. ಇವುಗಳಿಂದ ದರ್ಜೆ ಇಳಿಯುವುದಿಲ್ಲ, ನೋಟಕ್ಕೆ ಮಾತ್ರ ಸ್ವಲ್ಪ ಪೆಟ್ಟು.

ದರ್ಜೆಗೆ 1ರಿಂದ 70ರವರೆಗಿನ ಶೆಲ್ಡನ್ ಅಳತೆ. ಈ ನಾಣ್ಯದಲ್ಲಿ ಮೊದಲು ಸವೆಯುವುದು ಹಣೆಯ ಮೇಲಿನ ಕೂದಲು, ಹೆಗಲ ಬಟ್ಟೆಯ ಮಡಿಕೆ ಮತ್ತು ಹದ್ದಿನ ತಲೆ, ಎದೆ. ಮಡಿಕೆಗಳಲ್ಲಿ ತೀರಾ ಆಳದವು ಮಾತ್ರ ಉಳಿದಿದ್ದರೆ 8, ಎಲ್ಲವನ್ನೂ ಗುರುತಿಸಬಹುದಾದರೆ 12. ನಿಮ್ಮದರಲ್ಲಿ ಬಲಗಡೆಯ ಮಡಿಕೆ ಚೊಕ್ಕವಾಗಿದೆ, ಎಡಗಡೆಯದು ಕರಗಿದೆ, ಕೆನ್ನೆಯ ಪಕ್ಕದ ಕೂದಲೆಳೆ ಕಾಣುತ್ತದೆ. ಇದು ವೆರಿ ಫೈನ್, ಅಂದರೆ 20ರ ಸುತ್ತ. 40 ಎನ್ನಬೇಕಾದರೆ ಮಡಿಕೆಗಳೆಲ್ಲ ಕೊನೆಯವರೆಗೂ ಸ್ಪಷ್ಟವಿರಬೇಕು. ಸವೆತ ಬೇರೆ, ಅಚ್ಚು ಸರಿಯಾಗಿ ಮೂಡದಿರುವುದು ಬೇರೆ. ಮಸುಕಾದ ಕಡೆ ಮೇಲ್ಮೈ ನುಣುಪಾಗಿ ಬೂದು ತಿರುಗಿದ್ದರೆ ಸವೆತ. ಸುತ್ತಲಿನ ಜಾಗದ ಬಣ್ಣವೇ ಅಲ್ಲೂ ಇದ್ದರೆ ಅಚ್ಚಿನ ಕೊರತೆ.

ನನಗೆ ಚಿಂತೆ ಇರುವುದು ಆ ಉಬ್ಬಿನ ಬಗ್ಗೆ. ನಮ್ಮ ಕಡೆ ದೊಡ್ಡ ಬೆಳ್ಳಿ ನಾಣ್ಯಕ್ಕೆ ಕೊಂಡಿ ಬೆಸೆದು ಕೊರಳಿಗೆ ಹಾಕುವುದು ಮಾಮೂಲು. ಕೊಂಡಿ ತೆಗೆಸಿದ ಮೇಲೂ ಬೆಸುಗೆಯ ಕಲೆ ಉಳಿಯುತ್ತದೆ: ಸುತ್ತ ಬೇರೆ ಬಣ್ಣ, ಅಲ್ಲಿಗೆ ಬಂದ ಅಂಚಿನ ಅಕ್ಷರ ಮುಚ್ಚಿರುತ್ತದೆ. ಅದು ಖಚಿತವಾದರೆ ದರ್ಜೆ ಕೊಡುವ ಸಂಸ್ಥೆಗಳು ಅಂಕಿ ಕೊಡುವುದಿಲ್ಲ, 'ವೆರಿ ಫೈನ್ ವಿವರ' ಎಂದಷ್ಟೇ ಬರೆಯುತ್ತವೆ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅರ ಹಾಕಿ ಉಬ್ಬು ತೆಗೆಸಲು ಹೋದರೆ ಇನ್ನೂ ಕೆಡುತ್ತದೆ.

ಇಷ್ಟಾದರೂ ಕೊನೆಯ ಮಾತು ಅಚ್ಚಿನ ಹೋಲಿಕೆಯದು. ಆಗ ಒಂದೊಂದು ಅಚ್ಚಿಗೂ ನಕ್ಷತ್ರ, ಅಕ್ಷರ, ಅಂಕಿಗಳನ್ನು ಕೈಯಿಂದಲೇ ಒತ್ತುತ್ತಿದ್ದರು. ಹಾಗಾಗಿ ಲಿಬರ್ಟಿ ಪದಕ್ಕೂ ಪಕ್ಕದ ನಕ್ಷತ್ರಕ್ಕೂ ಇರುವ ಅಂತರ ಅಚ್ಚಿನಿಂದ ಅಚ್ಚಿಗೆ ಬೇರೆ. 1799ರಲ್ಲಿ ಸಾಮಾನ್ಯವಾಗಿ ಎಡಕ್ಕೆ 7, ಬಲಕ್ಕೆ 6 ನಕ್ಷತ್ರ. 8 ಮತ್ತು 5 ಇರುವ ಒಂದು ಬಗೆಯೂ ಉಂಟು. ದಾಖಲಾದ ಯಾವ ಅಚ್ಚಿಗೂ ನಿಮ್ಮ ನಾಣ್ಯ ಹೊಂದದಿದ್ದರೆ, ಅದು ಬೆಳ್ಳಿಯೇ ಆಗಿದ್ದರೂ ನಂಬಬೇಡಿ.

ಅಮೆರಿಕಕ್ಕೆ ಕೊರಿಯರ್ ಮಾಡುವ ಮುನ್ನ ನಿಲ್ಲಿ. 100 ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅನುಮತಿಯಿಲ್ಲದೆ ದೇಶದ ಹೊರಗೆ ಕಳಿಸುವುದು ಅಪರಾಧ. ಮೊದಲು ಬೆಂಗಳೂರಿನ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: 1827ರ ಅಮೆರಿಕನ್ ಅರ್ಧ ಡಾಲರ್ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ, ವಿಭೂತಿಯಲ್ಲಿ ತಿಕ್ಕಿ ಹೊಳಪು ತರಿಸಲೇ?
— ಓದುಗರು, ತುಮಕೂರು

ಉತ್ತರ: ಬೇಡ. ದೀಪದ ಕಂಬಕ್ಕೆ ಅದು ಸರಿ. ಹುಳಿ ಮೇಲ್ಪದರವನ್ನು ತಿನ್ನುತ್ತದೆ, ವಿಭೂತಿ ಕೂದಲೆಳೆಯಂಥ ಗೀರು ಬಿಡುತ್ತದೆ. ಓರೆ ಬೆಳಕಿಗೆ ಹಿಡಿದರೆ ಕೊಳ್ಳುವವರಿಗೆ ಕೂಡಲೇ ಗೊತ್ತಾಗುತ್ತದೆ. ಆ ಕಪ್ಪು ಗಂಧಕದಿಂದ ಬಂದ ಸಹಜ ಪದರ, ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ ಅದು ತಾನಾಗಿ ಬಂದದ್ದು ಎಂಬುದಕ್ಕೆ ಒಂದು ಗುರುತು. ಪ್ಲಾಸ್ಟಿಕ್ ಆಲ್ಬಮ್‌ನಿಂದ ಹಸಿರು ಅಂಟು ಹಿಡಿದಿದ್ದರೆ ಮಾತ್ರ ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಿನೊಳಗೆ ನೆನೆಸಿ, ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಒರೆಸದೆ ಒಣಗಲು ಬಿಡಿ. ಒಲೆಯ ಹತ್ತಿರ ಸುಳಿಯಬೇಡಿ, ಅಸಿಟೋನ್ ಥಟ್ಟನೆ ಹತ್ತಿಕೊಳ್ಳುತ್ತದೆ. ರಬ್ಬರ್‌ಬ್ಯಾಂಡ್, ಉಣ್ಣೆ ಬಟ್ಟೆ, ಹಳೇ ಪೇಪರ್ ಸುತ್ತಿ ಇಡುವುದನ್ನೂ ಬಿಡಿ.

ಪ್ರಶ್ನೆ: ಸಂತೆಯಲ್ಲಿ 3,000 ರೂಪಾಯಿಗೆ 1804ರ ಬೆಳ್ಳಿ ಡಾಲರ್ ಕೊಂಡೆ. ಲಾಭವೇ?
— ಓದುಗರು, ಚಿಂತಾಮಣಿ

ಉತ್ತರ: 1804 ಎಂಬ ಇಸವಿಯ ಡಾಲರ್‌ಗಳು ಜಗತ್ತಿನಲ್ಲೇ 16 ಇವೆ, ಅವೂ ಆ ವರ್ಷದವಲ್ಲ, 1830ರ ದಶಕದಲ್ಲಿ ಮತ್ತು ಅದಕ್ಕೂ ಆಮೇಲೆ ಟಂಕಿಸಿದವು. 1804ರಲ್ಲಿ ಟಂಕಸಾಲೆ ಹೊರತಂದ ಡಾಲರ್‌ಗಳ ಮೇಲೆ ಹಳೆಯ ಇಸವಿಯೇ ಇತ್ತು. ನಿಮ್ಮದಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಕಬ್ಬಿಣ, ಅಂಟದಿದ್ದರೂ ನಕಲಿಯೇ. ಮಾರಿದವರು ಇನ್ನೂ ಸಂತೆಗೆ ಬರುತ್ತಿದ್ದರೆ ದುಡ್ಡು ವಾಪಸ್ ಕೇಳಿ.