ಐದು ಲಕ್ಷದ ಕಾರ್ಡು, ತಿಂಗಳ ಗುಳಿಗಿ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಬಿಪಿಎಲ್ ಮನಿ. ಆಯುಷ್ಮಾನ್ ಕಾರ್ಡೂ ಮಾಡಿಸೇವಿ. ಐದು ಲಕ್ಷದತನಕ ಪುಕ್ಕಟೆ ಅಂತಾರ. ಆದ್ರ ಅಪ್ಪನ ಬಿಪಿ, ಶುಗರ್ ಗುಳಿಗಿಗೆ ತಿಂಗಳಾ ಎರಡು ಸಾವಿರ ಹೋಗತೈತಿ. ಔಷಧ ಅಂಗಡ್ಯಾಗ ಕಾರ್ಡು ನಡಿಯೂದಿಲ್ಲ ಅಂದ್ರು. ಹಂಗಾದ್ರ ಇದು ಯಾತಕ್ಕ?
(ಓದುಗರೊಬ್ಬರು, ಇಂಡಿ ತಾಲೂಕು)

ಉತ್ತರ: ಅಂಗಡಿಯವರು ಹೇಳಿದ್ದು ಸರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಐದು ಲಕ್ಷ ರೂಪಾಯಿ ಇರುವುದು ದವಾಖಾನೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಅದೂ ಇಡೀ ಕುಟುಂಬಕ್ಕೆ ಸೇರಿ, ಒಂದು ವರ್ಷಕ್ಕೆ. ದಿನಾ ನುಂಗುವ ಗುಳಿಗೆಗೆ ಅದರಲ್ಲಿ ದುಡ್ಡಿಲ್ಲ.

ನಿಮ್ಮ ಖರ್ಚು ಸಣ್ಣದಲ್ಲ. ತಿಂಗಳಿಗೆ 2,000 ಎಂದರೆ ವರ್ಷಕ್ಕೆ 24,000. ಮನೆಯ ಒಟ್ಟು ಖರ್ಚು ತಿಂಗಳಿಗೆ 15,000 ಎಂದು ಹಿಡಿದರೆ ವರ್ಷಕ್ಕೆ 1,80,000. ಅದರಲ್ಲಿ ಗುಳಿಗೆಯ ಪಾಲೇ ಶೇ. 13. ಮನೆಖರ್ಚಿನ ಶೇ. 10ಕ್ಕಿಂತ ಹೆಚ್ಚು ಆರೋಗ್ಯಕ್ಕೆ ಹೋದರೆ ಅದನ್ನು ಮನೆ ಮುರಿಯುವ ಖರ್ಚು ಎಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ 2025ಕ್ಕೆ ಮುಂಚಿನ ಅಳತೆ ಹೇಳುತ್ತಿತ್ತು. ಒಂದು ದಿನವೂ ದವಾಖಾನೆಯಲ್ಲಿ ಮಲಗದೆ ನಿಮ್ಮ ಮನೆ ಆ ಗೆರೆ ದಾಟಿದೆ.

ಮಾಡಬೇಕಾದದ್ದು ಇಷ್ಟು. ಅಪ್ಪನ ಹಳೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಿಪಿಯ ಅಮ್ಲೊಡಿಪಿನ್, ಶುಗರಿನ ಮೆಟ್‌ಫಾರ್ಮಿನ್‌ನಂಥ ಗುಳಿಗೆಗಳು ಅಲ್ಲಿ ಉಚಿತ, ರಕ್ತದ ಸಕ್ಕರೆ ಪರೀಕ್ಷೆಯೂ ಉಚಿತ. ಖರ್ಚು ಏರಲು ಒಂದು ಕಾರಣ, ಎರಡು ಮೂರು ಔಷಧಿ ಕೂಡಿಸಿದ ಬ್ರ್ಯಾಂಡಿನ ಗುಳಿಗೆ. ಅದನ್ನೇ ಬಿಡಿಬಿಡಿಯಾಗಿ ಬರೆದುಕೊಡಲು ಬರುತ್ತದೆಯೇ ಎಂದು ವೈದ್ಯರನ್ನು ಕೇಳಿ. ಕೇಂದ್ರದಲ್ಲಿ ದಾಸ್ತಾನು ಇಲ್ಲದಿದ್ದರೆ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಅಂಗಡಿಗೆ ಹೋದರೆ ಬೆಲೆ ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ವೈದ್ಯರಿಗೆ ಹೇಳದೆ ಗುಳಿಗೆ ಬದಲಿಸುವುದು, ಬಿಡುವುದು ಬೇಡ.

ಕಾರ್ಡನ್ನು ಜೋಪಾನ ಮಾಡಿ. ಬಳಸುವಾಗ ಜನ ಎಡವುವುದು ಮೂರು ಕಡೆ. ಒಂದು, ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ ಬೇರೆ ಇರುವುದು. ಇದನ್ನು ಆರಾಮಿದ್ದಾಗಲೇ ಸರಿಮಾಡಿಸಿ. ಎರಡು, ನೇರ ಖಾಸಗಿ ದವಾಖಾನೆಗೆ ಹೋಗುವುದು. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ದವಾಖಾನೆ. ಅಲ್ಲಿ ಆ ಚಿಕಿತ್ಸೆ ಇಲ್ಲವೆಂದರೆ ರೆಫರಲ್ ಚೀಟಿ ಕೊಡುತ್ತಾರೆ. ಹೃದಯಾಘಾತ, ಅಪಘಾತದಂಥ ತುರ್ತಿನಲ್ಲಿ ಚೀಟಿ ಬೇಕಿಲ್ಲ. ಮೂರು, ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳಿದರಾಯಿತು ಅಂದುಕೊಳ್ಳುವುದು. ಇದು ನಗದುರಹಿತ ಯೋಜನೆ, ರಸೀದಿ ಕೊಟ್ಟು ಹಣ ಪಡೆಯುವ ದಾರಿ ಇಲ್ಲ. ದಾಖಲಾಗುವ ಹೊತ್ತಿಗೇ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ರೋಗಿಗಳಿಗೆ ನೆರವಾಗಲು ದವಾಖಾನೆಯಲ್ಲಿರುವವರು) ಕಂಡು ಅನುಮೋದನೆಗೆ ಹಾಕಿಸಿ. ಹಣ ಕೇಳಿದರೆ 1800 425 8330ಕ್ಕೆ ಕರೆ ಮಾಡಿ. ಎಪಿಎಲ್ ಕುಟುಂಬಗಳಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಮೊದಲೇ ಗೊತ್ತುಮಾಡಿದ ದರ) ಶೇ. 30 ಮಾತ್ರ, ವರ್ಷಕ್ಕೆ ಗರಿಷ್ಠ 1.5 ಲಕ್ಷ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕಿಸೆಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ರ ಹೊತ್ತಿಗೆ ಶೇ. 39.4ಕ್ಕೆ ಇಳಿದಿದೆ ಎನ್ನುತ್ತದೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ. ಉಳಿದ ಹೊರೆಯಲ್ಲಿ ಔಷಧಿಯ ಪಾಲೇ ದೊಡ್ಡದು. ಎಷ್ಟು ಕಾರ್ಡು ಹಂಚಿದೆವು ಎಂದು ಲೆಕ್ಕ ಇಡುವ ಹಾಗೆ, ಯಾವ ಆರೋಗ್ಯ ಕೇಂದ್ರದಲ್ಲಿ ಬಿಪಿ ಗುಳಿಗೆ ಎಷ್ಟು ದಿನ ಇರಲಿಲ್ಲ ಎಂಬ ಲೆಕ್ಕವನ್ನೂ ಪ್ರತಿ ತಿಂಗಳು ಹೊರಗೆ ಹಾಕಬೇಕು.

ಪ್ರಶ್ನೆ: ಸರ್ಕಾರಿ ಆರೋಗ್ಯ ವಿಮೆಯಿಂದ ಸಾವು ಕಡಿಮೆಯಾಯಿತು ಎಂದು ಒಂದು ಅಧ್ಯಯನ, ಆರೋಗ್ಯದ ಮೇಲೆ ಪರಿಣಾಮವೇ ಕಾಣಲಿಲ್ಲ ಎಂದು ಇನ್ನೊಂದು. ಎರಡೂ ಕರ್ನಾಟಕದವು. ಯಾವುದನ್ನು ನಂಬಬೇಕು?
(ಎಂ.ಎ. ಅರ್ಥಶಾಸ್ತ್ರ ವಿದ್ಯಾರ್ಥಿನಿ, ಜಮಖಂಡಿ)

ಉತ್ತರ: ಎರಡನ್ನೂ ನಂಬಬಹುದು. ಅವು ಅಳೆದ ಯೋಜನೆಗಳೇ ಬೇರೆ.

ಮೊದಲನೆಯದು ಅಳೆದದ್ದು ಬಿಪಿಎಲ್ ಕುಟುಂಬಗಳಿಗಾಗಿ ರಾಜ್ಯ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾಗಿ ಬೆಳಗಾವಿ ವಿಭಾಗಕ್ಕೂ ಬಂತು; ದಕ್ಷಿಣದ ಜಿಲ್ಲೆಗಳಿಗೆ ಆಗಿನ್ನೂ ಇರಲಿಲ್ಲ. ಸಂಶೋಧಕರು ಆ ಗಡಿಯನ್ನೇ ಬಳಸಿಕೊಂಡರು. ಗಡಿಯ ಈಚೆ ಯೋಜನೆ ಇದ್ದ 300 ಹಳ್ಳಿ, ಆಚೆ ಇಲ್ಲದ 272 ಹಳ್ಳಿ. ಮಳೆ, ಬೆಳೆ, ಬಡತನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಉಳಿಯುವ ವ್ಯತ್ಯಾಸ ಯೋಜನೆಯದು ಎನ್ನಲು ಬರುತ್ತದೆ. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಾದ ಸಾವಿನ ಪ್ರಮಾಣ ಈಚೆ ಶೇ. 0.32, ಆಚೆ ಶೇ. 0.90. ದೊಡ್ಡ ದವಾಖಾನೆಗೆ ದಾಖಲಾದವರ ಕಿಸೆಖರ್ಚು ಶೇ. 34 ತಗ್ಗಿತು. ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಪ್ರಬಂಧದಲ್ಲಿ ಈ ಕೊನೆಯ ಸಾಲಿಗೆ ಅಡಿಗೆರೆ ಎಳೆಯಿರಿ. ಕಾರಣ ಹವೆಯೋ ರಸ್ತೆಯೋ ಆಗಿದ್ದರೆ ಎಪಿಎಲ್ ಮನೆಗಳಲ್ಲೂ ಸಾವು ಇಳಿಯಬೇಕಿತ್ತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾಯಿತು.

ಎರಡನೆಯದು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಪ್ರಯೋಗ. ಮೈಸೂರು, ಕಲಬುರಗಿ ಜಿಲ್ಲೆಗಳ 435 ಹಳ್ಳಿಗಳಲ್ಲಿ 10,879 ಕುಟುಂಬಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ವಿಮೆ ಪುಕ್ಕಟೆ, ಕೆಲವರಿಗೆ ಬೆಲೆಗೆ ಕೊಟ್ಟರು. ಪುಕ್ಕಟೆ ಸಿಕ್ಕವರಲ್ಲಿ ಸುಮಾರು ಶೇ. 79, ಬೆಲೆ ಕೊಡಬೇಕಾದವರಲ್ಲಿ ಸುಮಾರು ಶೇ. 60 ಮಂದಿ ಸೇರಿದರು. ಆದರೆ ಆರೋಗ್ಯದ ಅಳತೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ. ಹಲವರು ಕಾರ್ಡು ಮರೆತು ಬಂದರು, ಕೆಲವರು ಬಳಸಲು ಹೋಗಿ ಆಗದೆ ಮರಳಿದರು.

ಈ ಸ್ವಾಸ್ಥ್ಯ ಬಿಮಾ ಯೋಜನೆಯ ಮಿತಿ ಐವರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಇತ್ತು. ಆರೋಗ್ಯಶ್ರೀಯದು ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆ. ದುಡ್ಡಿಲ್ಲದಿದ್ದರೆ ಜನ ಮಾಡಿಸಿಕೊಳ್ಳದೆ ಸಾಯುವಂಥದು. ಬೇರೆ ನೋಂದಣಿ ಬೇಕಿರಲಿಲ್ಲ, ಬಿಪಿಎಲ್ ಕಾರ್ಡೇ ಸಾಕಿತ್ತು. ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು, ದವಾಖಾನೆಯಲ್ಲಿ ಆರೋಗ್ಯಮಿತ್ರರು ಕೈಹಿಡಿದು ನಡೆಸುತ್ತಿದ್ದರು. ಇಷ್ಟು ಬೇರೆಯಾದ ಎರಡನ್ನು ಬರೀ ‘ವಿಮೆ’ ಎಂಬ ಒಂದೇ ಹೆಸರಿನಿಂದ ತೂಗಿದರೆ ತಕ್ಕಡಿ ತಪ್ಪುತ್ತದೆ. ಆದರೂ ಒಂದು ಎಚ್ಚರ: ಆರೋಗ್ಯಶ್ರೀ ಅಧ್ಯಯನದಲ್ಲಿ ಚಿಕಿತ್ಸೆಯ ಬಳಕೆ ಹೆಚ್ಚಿತು ಎಂಬುದು ಸಂಖ್ಯಾಶಾಸ್ತ್ರದ ಕಣ್ಣಿನಲ್ಲಿ ಗಟ್ಟಿಯಾಗಿ ಸಾಬೀತಾಗಲಿಲ್ಲ. ಸಾವು ಇಳಿದದ್ದು ಯಾವ ದಾರಿಯಿಂದ ಎಂಬುದು ಅಲ್ಲಿ ಪೂರ್ತಿ ಬಿಡಿಸಿಕೊಂಡಿಲ್ಲ.

ಪ್ರಶ್ನೆ: ಒಂದು ಔಷಧಿ ಸರ್ಕಾರಕ್ಕೆ ‘ಲಾಭದಾಯಕ’ ಎಂದು ಹೇಗೆ ಲೆಕ್ಕ ಹಾಕುತ್ತಾರೆ? ನಮ್ಮ ಕಡೆಯ ಉದಾಹರಣೆ ಇದ್ದರೆ ತಿಳಿಸಿ.
(ಆಶಾ ಕಾರ್ಯಕರ್ತೆ, ಬೈಲಹೊಂಗಲ ತಾಲೂಕು)

ಉತ್ತರ: ನಿಮ್ಮ ಜಿಲ್ಲೆಯದೇ ಇದೆ, ಜಗತ್ತಿಗೆ ಪಾಠವಾದದ್ದು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಯಿತು. ಹೆರಿಗೆ ಮಾಡಿಸಿದವರು 25 ಎಎನ್‌ಎಂಗಳು (ಹಳ್ಳಿಯ ದಾದಿಯರು). 812 ತಾಯಂದಿರಿಗೆ 600 ಮೈಕ್ರೊಗ್ರಾಂ ನಿಜ ಗುಳಿಗೆ, 808 ಮಂದಿಗೆ ಔಷಧಿಯಿಲ್ಲದ ಗುಳಿಗೆ. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು.

ಲೆಕ್ಕ ಇಲ್ಲಿಂದ ಶುರು. 12ರಲ್ಲಿ 6.4 ಕಳೆದರೆ 5.6. ನೂರನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ಮಂದಿಗೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ವರ್ಷಕ್ಕೆ 90 ಹೆರಿಗೆಯಾಗುವ ಕಡೆ ಐವರದು. 18 ಮಂದಿಯ ಗುಳಿಗೆ, ತರಬೇತಿ, ಸಾಗಣೆಯ ಖರ್ಚು ಕೂಡಿಸಿ. ತಪ್ಪಿದ ಒಂದು ರಕ್ತಸ್ರಾವದಿಂದ ಉಳಿದ ಆಂಬುಲೆನ್ಸ್, ರಕ್ತ, ದಾಖಲಾತಿಯ ಖರ್ಚು ಅದರಲ್ಲಿ ಕಳೆಯಿರಿ. ಉಳಿದದ್ದೇ ಒಂದು ರಕ್ತಸ್ರಾವ ತಪ್ಪಿಸಲು ಬಿದ್ದ ಬೆಲೆ. ಇದೇ ಹಣ ಬೇರೆಲ್ಲಿ ಹಾಕಿದರೆ ಎಷ್ಟು ಫಲ ಎಂದು ನೋಡಿ ತೀರ್ಮಾನಿಸುತ್ತಾರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಇದನ್ನು ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಇದೇ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು ಸಿಗುವಲ್ಲಿ ಮೊದಲ ಆಯ್ಕೆ ಅದೇ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಮಿಸೊಪ್ರೊಸ್ಟಾಲ್‌ಗೆ ಫ್ರಿಜ್ ಬೇಡ, ತೇವ ಮಾತ್ರ ತಾಗಬಾರದು; ಗುಳಿಗೆಯನ್ನು ಅದರ ಪಟ್ಟಿಯಿಂದ (ಸ್ಟ್ರಿಪ್) ಮೊದಲೇ ಬಿಡಿಸಿಟ್ಟರೆ ಶಕ್ತಿ ಕುಂದುತ್ತದೆ. ಕೊಡುವುದು ತರಬೇತಿ ಪಡೆದವರು, ಕೂಸು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಕೂಸು ಇಲ್ಲವೆಂದು ಖಚಿತವಾದ ಮೇಲೆ. ನಡುಕ, ಜ್ವರ ಬರಬಹುದು. ತಾಯಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಅಥಣಿಯಿಂದ ಮಹಾರಾಷ್ಟ್ರದ ಮಿರಜ ಹತ್ತಿರ. ನಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ?

ಉತ್ತರ: ಕೇಂದ್ರ ಸರ್ಕಾರದ ಪಟ್ಟಿಯಲ್ಲಿರುವ ಕುಟುಂಬವಾದರೆ ಬೇರೆ ರಾಜ್ಯದ ನೋಂದಾಯಿತ ದವಾಖಾನೆಯಲ್ಲೂ ನಡೆಯುತ್ತದೆ. ಕರ್ನಾಟಕದಲ್ಲಿ ಅಂಥ ಕುಟುಂಬಗಳು ಸುಮಾರು 62 ಲಕ್ಷ. ರಾಜ್ಯ ತಾನಾಗಿ ಸೇರಿಸಿಕೊಂಡ ಕುಟುಂಬಗಳಿಗೆ ಈ ಭರವಸೆ ಇಲ್ಲ. ಗಾಡಿ ಹತ್ತುವ ಮೊದಲು 14555ಕ್ಕೆ ಕರೆ ಮಾಡಿ ಎರಡು ಮಾತು ಕೇಳಿ: ನಮ್ಮ ಕುಟುಂಬ ಯಾವ ಪಟ್ಟಿಯಲ್ಲಿದೆ, ಆ ದವಾಖಾನೆ ಈ ಚಿಕಿತ್ಸೆಗೆ ನೋಂದಣಿಯಾಗಿದೆಯೇ. ದವಾಖಾನೆ ನೋಂದಾಯಿತವಾಗಿದ್ದರೂ ನಿಮಗೆ ಬೇಕಾದ ವಿಭಾಗ ನೋಂದಣಿಯಾಗಿರದೆ ಇರಬಹುದು.