ಅಣ್ಣನ ಕಠಿಣ ವ್ರತದ ಬಗ್ಗೆ ನಿಮ್ಮ ಪ್ರಶ್ನೆಗೆ

ಅಣ್ಣ ಎರಡು ವರ್ಷದಿಂದ ಒಂದೇ ಹೊತ್ತು ಉಣ್ಣುತ್ತಾರೆ, ಮನೆಯವರ ಜೊತೆ ಮಾತು ಬಿಟ್ಟಿದ್ದಾರೆ, ಸಣ್ಣದಕ್ಕೂ ರೇಗುತ್ತಾರೆ, ಭಕ್ತಿ ಜಾಸ್ತಿಯಾದರೆ ಹೀಗಾಗುತ್ತಾ ಅಂತ ಕೇಳಿದ್ದೀರಿ. ಅವರ ಭಕ್ತಿ ನಿಜವೇ ಇರಬಹುದು. ಆದರೆ ಆ ಸಿಟ್ಟಿನಲ್ಲಿ ಹಸಿವಿನ ಪಾಲೂ ಇರಬಹುದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರು ತಟ್ಟೆ ನೆಕ್ಕತೊಡಗಿದರು, ಸುಮ್ಸುಮ್ನೆ ಸಿಡುಕಿದರು, ಜನರಿಂದ ದೂರ ಸರಿದರು. ಅದು ವ್ರತವಲ್ಲ, ಬರೀ ಹಸಿವು.

ನಮ್ಮ ಮನೆಯ ಹಿರಿಯರೊಬ್ಬರೂ ಹೀಗೇ ಇದ್ದರು. ಮೊಮ್ಮಗಳು ತೊಡೆ ಏರಲು ಬಂದರೆ 'ಮುಟ್ಟಬೇಡ' ಅಂತ ಕೈ ಅಡ್ಡ ಹಿಡಿಯುತ್ತಿದ್ದರು. ಕೆಲವೇ ದಿನಕ್ಕೆ ಮಗು ಬಾಗಿಲಲ್ಲೇ ನಿಂತು ನೋಡೋದು ಕಲಿತಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ದೇವರ ವಿಷಯಕ್ಕೆ ವಾದ ಮಾಡಬೇಡಿ, ಅವರು ಇನ್ನಷ್ಟು ಮುದುಡುತ್ತಾರೆ. ನಿದ್ದೆ ಬರುತ್ತಾ, ತಲೆ ಸುತ್ತುತ್ತಾ ಅಂತ ಕೇಳಿ. ಬುದ್ಧನೂ ಮೈ ಒಣಗುವಷ್ಟು ಉಪವಾಸ ಮಾಡಿ, ಇದು ದಾರಿಯಲ್ಲ ಅಂತ ಅನ್ನ ಮುಟ್ಟಿದವನೇ ಅಲ್ವಾ? ಈ ಮಾತನ್ನು ಅವರು ನಂಬುವ ಗುರುಗಳಿಂದಲೇ ಹೇಳಿಸಿ. ತೂಕ ಇಳಿಯುತ್ತಲೇ ಇದ್ದರೆ ಮಾತ್ರ ಕಾಯಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.