ಮೂರು ಬಾಟಲಿ ಸಿರಪ್ಪು

ನಮಸ್ಕಾರ.

ತುಮಕೂರು ಜಿಲ್ಲೆಯ ಹಳ್ಳಿಯಿಂದ ನೀವು ಬರೆದ ಕಾಗದ ಓದಿದೆ. ಕೆಮ್ಮು ಅಂತ ನಿಮ್ಮ ಭಾವ ಮೂರು ಸಲ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರು. ಮೂರು ಸಲವೂ ಸಿರಪ್ಪು ಕೊಟ್ಟು ಕಳಿಸಿದರು. ಕೊನೆಗೆ ತಾಲ್ಲೂಕಿನಲ್ಲಿ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಎಂದು ಗೊತ್ತಾಯಿತು. ‘ಹೆರಿಗೆ, ಜ್ವರ, ಶುಗರ್ ಎಲ್ಲ ಒಂದೇ ಕಡೆ ನೋಡಿದರೆ ಹೀಗೇ ಆಗೋದು, ಟಿಬಿಗೆ ಬೇರೆ ಆಸ್ಪತ್ರೆ ಬೇಕು’ ಎಂದಿದ್ದೀರಿ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೇರೆ ಆಸ್ಪತ್ರೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ನಿಮ್ಮದೇ ಜಿಲ್ಲೆಯ ಹಳೇ ಕತೆ ಕೇಳಿ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ತುಮಕೂರಿನ ಹಳ್ಳಿಗಳಲ್ಲಿ ಟಿಬಿ ಇದ್ದವರನ್ನು ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುತೇಕರಿಗೆ ಮೈ ಹುಷಾರಿಲ್ಲ ಅನ್ನೋದು ಗೊತ್ತಿತ್ತು. ಸುಮಾರು ಅರ್ಧ ಮಂದಿ ಆಗಲೇ ಆಸ್ಪತ್ರೆಗೂ ಹೋಗಿಬಂದಿದ್ದರು. ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿ. ನಿಮ್ಮ ಭಾವನವರ ಕತೆಯೇ ಅಲ್ವಾ?

ರೋಗಿ ಬಂದೇ ಬರುತ್ತಾನೆ, ಹತ್ತಿರದ ಬಾಗಿಲಿಗೆ. ಟಿಬಿಯನ್ನು ಮಾಮೂಲಿ ಆಸ್ಪತ್ರೆಗಳ ಕೆಲಸದ ಜೊತೆ ಸೇರಿಸಿದ್ದು ಅದಕ್ಕೇ. ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಟಿಬಿ ಅಂತ ಗೊತ್ತಾಗಬೇಕಲ್ಲ! ಬರೀ ಕೆಮ್ಮಿಗೆ ಯಾರೂ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಮ್ಮಿಗೆ, ಅಂದರೆ ಟಿಬಿ ಆಸ್ಪತ್ರೆಗೆ, ಬಸ್ ಹತ್ತಲ್ಲ. ಜೊತೆಗೆ, ಸಾಮಾನ್ಯ ಟಿಬಿಗೂ ಆರು ತಿಂಗಳು ದಿನಾ ಮಾತ್ರೆ ನುಂಗಬೇಕು. ಕೆಮ್ಮು ನಿಂತು, ತೂಕ ಏರಿ, ‘ಇನ್ನೇಕೆ ಮಾತ್ರೆ’ ಅನಿಸುವ ಹೊತ್ತಿಗೆ ಮನೆ ಬಾಗಿಲಿಗೆ ಬಂದು ಕೇಳುವವರು ಊರಿನ ಆಶಾ ಕಾರ್ಯಕರ್ತೆಯೇ.

ಒಂದು ಆರೋಗ್ಯ ಉಪಕೇಂದ್ರದ ಹಿಂದೆ ನಾನೇ ನೋಡಿದ್ದೇನೆ. ಬೇವಿನ ಮರದ ಕೆಳಗೆ ಅಜ್ಜ ಕಫದ ಡಬ್ಬಿ ಹಿಡಿದು ನಿಂತಿದ್ದರು. ‘ಎಂಜಲಲ್ಲ ಅಜ್ಜಾ, ಎದೆಯೊಳಗಿಂದ ಬರಲಿ, ಇನ್ನೊಂದ್ಸಲ ಕೆಮ್ಮು’ ಅಂತ ಆಶಾ ಕಾರ್ಯಕರ್ತೆ ದೂರ ನಿಂತು ಹೇಳುತ್ತಿದ್ದರು. ಡಬ್ಬಿಯಲ್ಲಿ ಬರೀ ಎಂಜಲಿದ್ದರೆ ಕಫ ಪರೀಕ್ಷಿಸುವ ಯಂತ್ರ ಎಷ್ಟು ಒಳ್ಳೆಯದಾದರೇನು, ರೋಗ ತಪ್ಪಿಸಿಕೊಳ್ಳುತ್ತದೆ.

ನಿಮ್ಮ ಊರಲ್ಲಿ ತಪ್ಪಿದ್ದೂ ಇಲ್ಲೇ. ಆ ಡಬ್ಬಿ ಡಾಕ್ಟರ ಮೇಜಿನ ಮೇಲೆ ಇರಬೇಕಿತ್ತು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಡಬ್ಬಿ ಕೊಡಬೇಕು, ಸಿರಪ್ಪು ಆಮೇಲೆ. ಟಿಬಿ ಬೋರ್ಡು ಸುಮ್ನೆ ಗೋಡೆ ಮೇಲಿದ್ದರೆ ಏನು ಬಂತು?

ಅಂದ ಹಾಗೆ, ಮನೆಯಲ್ಲಿ ಉಳಿದವರಿಗೆಲ್ಲ ತಪಾಸಣೆ ಆಯಿತೇ? ಮಕ್ಕಳಿದ್ದರೆ ಈ ವಾರವೇ ಮಾಡಿಸಿ. ಟಿಬಿ ರೋಗಿಗಳಿಗೆ ಸರ್ಕಾರ ಕೊಡುವ ಪೋಷಣೆಯ ಹಣ ಭಾವನವರ ಖಾತೆಗೆ ಬರುತ್ತಿದೆಯೋ ಅದನ್ನೂ ನೋಡಿ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ.

– ಸಂ.